ದಾಂಪತ್ಯ ಪ್ರಮಾಣ ಮೀಮಾಂಸೆ: ರಾಯಬಾಗ ಶಾಖೆ

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದಾಗ ವಿವಾಹಗಳು ಎಂಟೇ ಇದ್ದವು. ಬ್ರಾಹ್ಮದಿಂದ ಪೈಶಾಚದವರೆಗಿನ ಆ ಎಂಟರಲ್ಲಿ ಒಂದಕ್ಕೂ ನೋಟರಿ ಮೊಹರು ಬೇಕಿರಲಿಲ್ಲ. ಈಚೆಗೆ ಒಂಬತ್ತನೆಯದು ರೂಢಿಗೆ ಬಂದಿದೆ: ವರ ನ್ಯೂಜೆರ್ಸಿಯಲ್ಲಿ, ವಧು ರಾಯಬಾಗದಲ್ಲಿ, ಮದುವೆ ಫೈಲಿನಲ್ಲಿ. ಇದನ್ನು ‘ಕಡತ ವಿವಾಹ’ ಎಂದು ಕರೆಯೋಣ. ಆಗಿಹೋದ ಮದುವೆಯನ್ನು ಆಗಿದೆ ಎಂದು ಸಾಧಿಸುವುದು ಹೇಗೆ ಎಂಬುದನ್ನು ಭಾಟ್ಟ ಮೀಮಾಂಸಕರ ಆರು ಪ್ರಮಾಣಗಳಿಂದ ಪರೀಕ್ಷಿಸುವುದು ಈ ಪ್ರಬಂಧದ ಉದ್ದೇಶ.

ಉದಾಹರಣೆಗೆ ದೇವದತ್ತನೇ ಇರಲಿ. ಶತಮಾನಗಟ್ಟಲೆ ಶಾಸ್ತ್ರಗ್ರಂಥಗಳಲ್ಲಿ ಬಿಟ್ಟಿ ಉದಾಹರಣೆಯಾಗಿ ದುಡಿದ ಅವನಿಗೆ ಕೊನೆಗೂ ಅಮೆರಿಕದಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಪೌರತ್ವವೂ ದೊರೆತಿದೆ. ಮದುವೆ ಮಾತ್ರ ಊರಲ್ಲೇ ಆಯಿತು. ಹೆಣ್ಣು ಚಿಂಚಲಿ ಕಡೆಯ ಸೋದರ ಮಾವನ ಮಗಳು. ಈಗ ಅವನು ಐ-130 ಅರ್ಜಿ ಹಾಕಿ, ಇವಳು ತನ್ನ ಹೆಂಡತಿ ಎಂದು ಅಮೆರಿಕ ಸರ್ಕಾರವನ್ನು ನಂಬಿಸಬೇಕು. ಸರ್ಕಾರ ನಂಬಿದರೂ ಅರೆಮನಸ್ಸಿನಿಂದ ನಂಬುತ್ತದೆ. ಹುಸಿ ಮದುವೆ ತಡೆಯಲು 1986ರಲ್ಲಿ ತಂದ ಕಾಯ್ದೆಯ ಪ್ರಕಾರ, ಎರಡು ವರ್ಷ ತುಂಬದ ಮದುವೆಗೆ ಸಿಗುವುದು ಷರತ್ತಿನ ಹಸಿರು ಕಾರ್ಡು. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ಎಂಬ ಇನ್ನೊಂದು ಅರ್ಜಿ ಹಾಕಿ, ‘ಇನ್ನೂ ಕೂಡಿಯೇ ಇದ್ದೇವೆ’ ಎಂದು ಮತ್ತೆ ಸಾಧಿಸಬೇಕು. ರಾಯಬಾಗ ರಟ್ಟ ಅರಸರ ಕಾಲದ ಶಾಸನ ಸಿಕ್ಕ ಊರು. ಶಾಸನದ ದಾನ ಸೂರ್ಯಚಂದ್ರರಿರುವವರೆಗೆ ನಡೆಯಬೇಕು ಎಂದು ಕಲ್ಲಿನಲ್ಲಿ ಕೊರೆಸುತ್ತಿದ್ದವರ ನಾಡಿನ ಜನಕ್ಕೆ ಎರಡು ವರ್ಷದ ದಾಂಪತ್ಯ ಅರಗುವುದು ಕಷ್ಟ.

ಪ್ರತ್ಯಕ್ಷ ಪ್ರಮಾಣ

ಕಣ್ಣಿಗೆ ಕಂಡದ್ದು ಪ್ರತ್ಯಕ್ಷ. ವೀಸಾ ಶಾಸ್ತ್ರದಲ್ಲಿ ಅದಕ್ಕೆ ಫೋಟೊ ಎಂದು ಹೆಸರು. ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ಕೆನಡಾ ಕೊಡುವ ದಾಖಲೆಗಳ ಪಟ್ಟಿ ಇಪ್ಪತ್ತು ಫೋಟೊ ಸಾಕು ಎನ್ನುತ್ತದೆ. ದೇವದತ್ತನ ಮದುವೆಯ ಕರಿಜ್ಮಾ ಆಲ್ಬಮ್ಮನ್ನು ಎತ್ತಲು ಇಬ್ಬರು ಬೇಕು. ಅದರ ಪ್ರತಿ ಫೋಟೊದಲ್ಲೂ ಫೇಟಾ ಸುತ್ತಿದ ಮಾವಂದಿರು, ಅಳುವ ಎರಡು ಕೂಸು, ನಡುವೆ ಎಲ್ಲೋ ವಧೂವರರು. ಡ್ರೋನ್ ತೆಗೆದ ಚಿತ್ರದಲ್ಲಿ ಹಂದರಕ್ಕಿಂತ ಕಬ್ಬಿನ ಗದ್ದೆ ಹೆಚ್ಚು. ಒಬ್ಬರನ್ನೊಬ್ಬರು ನೋಡಿ ನಕ್ಕ ಫೋಟೊ ಒಂದೂ ಇಲ್ಲ. ಮದುವೆಯಲ್ಲಿ ಕಿಸಿಕಿಸಿ ನಗುವ ವಧು ನಮ್ಮ ಹಿರಿಯರಿಗೆ ಸಂಶಯಾಸ್ಪದ, ನಗದೆ ತಲೆ ತಗ್ಗಿಸಿದ ವಧು ವೀಸಾ ಅಧಿಕಾರಿಗೆ ಸಂಶಯಾಸ್ಪದ.

ಪ್ರತ್ಯಕ್ಷವನ್ನು ಅತಿಗೆ ಒಯ್ದ ನಿದರ್ಶನವೂ ಇತಿಹಾಸದಲ್ಲಿದೆ. ಲಂಡನ್ನಿನಲ್ಲಿದ್ದ ತನ್ನ ವರನನ್ನು ಮದುವೆಯಾಗಲು ಬಂದ ಭಾರತೀಯ ಶಿಕ್ಷಕಿಯೊಬ್ಬಳನ್ನು 1979ರಲ್ಲಿ ಹೀತ್ರೂ ವಿಮಾನ ನಿಲ್ದಾಣದಲ್ಲಿ ‘ಕನ್ಯತ್ವ ಪರೀಕ್ಷೆ’ಗೆ ಒಳಪಡಿಸಿದ್ದು ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಅಣಕು ಪ್ರಬಂಧಕ್ಕೂ ಇಲ್ಲಿ ನಗಲು ಬಾಯಿ ಬಾರದು. ಮುಂದಿನ ಪ್ರಮಾಣಕ್ಕೆ ಹೋಗೋಣ.

ಅನುಮಾನ ಪ್ರಮಾಣ

ಹೊಗೆಯಿದ್ದಲ್ಲಿ ಬೆಂಕಿ, ಜಂಟಿ ಖಾತೆಯಿದ್ದಲ್ಲಿ ದಾಂಪತ್ಯ. ಈ ವ್ಯಾಪ್ತಿ ಎರಡೂ ಕಡೆಯಿಂದ ಮುರಿದು ಬೀಳುತ್ತದೆ. ಕಬ್ಬಿನ ಬಿಲ್ಲು ಮಾವನ ಖಾತೆಗೆ, ಸೊಸೈಟಿ ಸಾಲ ಅಜ್ಜನ ಹೆಸರಿಗೆ, ಬಂಗಾರ ಅತ್ತೆಯ ಟ್ರಂಕಿಗೆ, ಹೆಂಡತಿಯ ಉಳಿತಾಯ ಸ್ತ್ರೀಶಕ್ತಿ ಸಂಘಕ್ಕೆ. ಗಂಡ ಹೆಂಡತಿ ಇಬ್ಬರ ಹೆಸರೂ ಕೂಡಿ ಬರುವ ಏಕೈಕ ಆರ್ಥಿಕ ದಾಖಲೆ ರೇಷನ್ ಕಾರ್ಡು. ಅದರಲ್ಲಿ ಇನ್ನೂ ಏಳು ಜನರಿದ್ದಾರೆ. ಅತ್ತ ನಿಪ್ಪಾಣಿಯ ತಂಬಾಕು ವ್ಯಾಪಾರದ ಪಾಲುದಾರರಿಬ್ಬರು ಜೀವಮಾನವಿಡೀ ಜಂಟಿ ಖಾತೆ ನಡೆಸಿದರೂ ಅವರನ್ನು ಯಾರೂ ದಂಪತಿ ಎನ್ನಲಿಲ್ಲ. ಹೊಗೆಗಂತೂ ಅಲ್ಲಿ ಕೊರತೆಯೇ ಇರಲಿಲ್ಲ.

ಬ್ರಿಟನ್ನಿನವರು ಇನ್ನೂ ಸರಳ ಮಾರ್ಗ ಹಿಡಿದಿದ್ದಾರೆ. ಸಂಗಾತಿಯನ್ನು ಕರೆಸಿಕೊಳ್ಳುವವರ ಕನಿಷ್ಠ ವಾರ್ಷಿಕ ಆದಾಯ 18,600 ಪೌಂಡು ಇದ್ದದ್ದು 2024ರ ಏಪ್ರಿಲ್ 11ರಿಂದ 29,000 ಪೌಂಡು ಆಯಿತು. ಇದು ಆದಾಯದ ಪರೀಕ್ಷೆಯೇ ಹೊರತು ಪ್ರೀತಿಯದಲ್ಲ ಎಂದು ಪೂರ್ವಪಕ್ಷದವರು ಹೇಳಬಹುದು. ಏಪ್ರಿಲ್ 10ಕ್ಕೆ ಅರ್ಜಿ ಹಾಕಿದವನ ಹೆಂಡತಿ ವಿಮಾನ ಹತ್ತಿದಳು, 11ಕ್ಕೆ ಹಾಕಿದವನ ಹೆಂಡತಿ ಕುಡಚಿಯಲ್ಲೇ ಉಳಿದಳು. ಪ್ರೀತಿಗೆ ಆ ರಾತ್ರಿ ಏನಾಯಿತೆಂದು ಶಾಸ್ತ್ರ ಮೌನವಾಗಿದೆ.

ಉಪಮಾನ ಪ್ರಮಾಣ

ಕಾಡಿನ ಗವಯ ಮೃಗ ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿಗೆ ಹೋಗಿ ಅದನ್ನು ಗುರುತಿಸುವುದು, ನೈಯಾಯಿಕರಿಂದ ಕಡ ತಂದ ಅರ್ಥದಲ್ಲಿ, ಉಪಮಾನ. ಮದುವೆ ಹೇಗಿರುತ್ತದೆ ಎಂದು ಆಸ್ಟ್ರೇಲಿಯಾದ 1994ರ ವಲಸೆ ನಿಯಮಾವಳಿ ನಾಲ್ಕು ತಲೆಬರಹದಲ್ಲಿ ಹೇಳುತ್ತದೆ: ಹಣಕಾಸು, ಮನೆವಾರ್ತೆ, ಸಮಾಜದ ಕಣ್ಣಿನಲ್ಲಿ ಸಂಬಂಧ, ಪರಸ್ಪರ ಬದ್ಧತೆ. ಮನೆವಾರ್ತೆಯ ಅಡಿಯಲ್ಲಿ ಮನೆಗೆಲಸವನ್ನು ಇಬ್ಬರೂ ಹೇಗೆ ಹಂಚಿಕೊಂಡಿದ್ದಾರೆ ಎಂಬುದನ್ನೂ ನೋಡಬೇಕಂತೆ. ಈ ಕಲಮನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಅಥಣಿಯಿಂದ ಚಿಕ್ಕೋಡಿಯವರೆಗೆ ಒಬ್ಬ ಗಂಡಸಿಗೂ ಮದುವೆಯಾಗಿಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಹೆಂಗಸರು ಈ ತೀರ್ಮಾನವನ್ನು ಬಹಳ ಹಿಂದೆಯೇ ಮುಟ್ಟಿದ್ದಾರೆ.

ಶಬ್ದ ಪ್ರಮಾಣ

ಆಪ್ತವಾಕ್ಯವೇ ಶಬ್ದ. ಇಂದಿನ ಆಪ್ತವಾಕ್ಯ ವಾಟ್ಸ್ಆ್ಯಪ್. ಕೆನಡಾ ಇದಕ್ಕೆ ಹತ್ತು ಪುಟದ ಮಿತಿ ಹಾಕಿದೆ. ದೇವದತ್ತ ದಂಪತಿಯ ಹತ್ತು ಪುಟಗಳ ಸಾರ ಇಷ್ಟು:

‘ಊಟಾ ಆತಾ?’
‘ಆತು. ನಿಮ್ದು?’
‘ಆತು. ಮಳಿ ಬಂತಾ?’
‘ಇಲ್ರಿ. ಕಬ್ಬ ಹೋತು.’
‘ಹಾಂ.’

ಇದನ್ನು ಬೆಳಗಾವಿಯಲ್ಲಿ ಇಂಗ್ಲಿಷಿಗೆ ಅನುವಾದಿಸಿ, ಪ್ರತಿ ‘ಹಾಂ’ಗೂ ದೃಢೀಕರಣ ಪಡೆದು ಕಳಿಸಿದರೆ, ಇದರಲ್ಲಿ ಪ್ರೇಮ ಎಲ್ಲಿದೆ ಎಂದು ಅಧಿಕಾರಿ ಕೇಳುತ್ತಾನೆ. ಹಣ ಕೊಟ್ಟು ಕಟ್ಟಿಕೊಂಡ ಹುಸಿ ಜೋಡಿಯಾಗಿದ್ದರೆ ಮೊದಲ ಪುಟದಲ್ಲೇ ‘ಜಾನು’ ಇರುತ್ತಿತ್ತು, ಕೆಂಪು ಹೃದಯಗಳಿರುತ್ತಿದ್ದವು. ಮಳೆ ಬಂತೇ ಎಂದು ಹುಸಿ ಗಂಡ ಕೇಳುವುದಿಲ್ಲ. ಕಬ್ಬು ಅವನದಲ್ಲವಲ್ಲ.

ಸಂದರ್ಶನದ ಮಾತು ಇನ್ನೂ ಸೂಕ್ಷ್ಮ. ಅಮೆರಿಕಕ್ಕೆ ನೆಲೆಸಲು ಹೋಗುವವರು ಮುಂಬೈ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಲ್ಲಬೇಕು. ‘ನಿಮ್ಮ ಗಂಡನನ್ನು ಮೊದಲು ಯಾವಾಗ ಭೇಟಿಯಾದಿರಿ?’ ಎಂದರೆ ‘ನನ್ನ ತೊಟ್ಲಾಗ ಹಾಕಿದ ದಿನಾರಿ’ ಎಂಬುದೇ ನಿಜವಾದ ಉತ್ತರ. ‘ನಿಮ್ಮ ಹುಟ್ಟುಹಬ್ಬ?’ ಜೂನ್ 1. ‘ಗಂಡನದು?’ ಅದೂ ಜೂನ್ 1. ಶಾಲೆಗೆ ಸೇರಿಸುವಾಗ ಗುರುಗಳು ಅರ್ಧ ಊರನ್ನೇ ಜೂನ್ ಒಂದಕ್ಕೆ ಹುಟ್ಟಿಸಿದ ಪುಣ್ಯಕಥೆ ಅಧಿಕಾರಿಯ ಕೈಪಿಡಿಯಲ್ಲಿಲ್ಲ. ಗಂಡನ ಹೆಸರು ಕೇಳಿದರಂತೂ ಹಳೆಯ ಸಂಪ್ರದಾಯದ ಹೆಣ್ಣುಮಗಳು ಒಡಪಿಲ್ಲದೆ ಬಾಯಿ ಬಿಡಲಾರಳು: ‘ರಾಯಬಾಗ ಸ್ಟೇಶನ್ನಾಗ ರೈಲ ನಿಂತೈತಿ, ಮುಂಬೈ ಕಚೇರ್ಯಾಗ ಫೈಲ ಕುಂತೈತಿ, ದೇವದತ್ತರ ಹೆಸರ ಹೇಳಾಕ ನನಗ್ಯಾತರ ಚಿಂತೈತಿ!’ ಹುಸಿ ಹೆಂಡತಿಗೆ ಒಡಪು ಕಟ್ಟಲು ಬರುವುದಿಲ್ಲ ಎಂಬುದು ಈ ಪ್ರಬಂಧಕಾರನ ಮೂಲ ಸಂಶೋಧನೆ. ಆದರೆ ಒಡಪಿಗೆ ಯಾವ ಫಾರ್ಮಿನಲ್ಲೂ ಕಾಲಮ್ಮಿಲ್ಲ.

ಅರ್ಥಾಪತ್ತಿ

ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಇದು ಶಾಸ್ತ್ರದ ಹಳೆಯ ಉದಾಹರಣೆ. ಇದನ್ನೇ ಅವನ ಹೆಂಡತಿಗೆ ಅನ್ವಯಿಸೋಣ. ಸೊಸೆ ಹಗಲು ರೊಟ್ಟಿ ಬಡಿಯುವಾಗ ತೂಕಡಿಸುತ್ತಾಳೆ, ಅವಳಿಗೆ ರೋಗವಿಲ್ಲ; ಆದ್ದರಿಂದ ರಾತ್ರಿ ಮಾತಾಡುತ್ತಾಳೆ. ನ್ಯೂಜೆರ್ಸಿಗೂ ರಾಯಬಾಗಕ್ಕೂ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ತಾಸಿನ ಅಂತರ. ಅವನ ಸಂಜೆ ಮುಗಿಯುವಷ್ಟರಲ್ಲಿ ಇವಳ ಕೋಳಿ ಕೂಗಿರುತ್ತದೆ. ಸುಟ್ಟ ರೊಟ್ಟಿಗಿಂತ ಬಲವಾದ ಸಾಕ್ಷ್ಯ ಬೇರಿಲ್ಲ. ಅತ್ತೆಯ ಪ್ರಮಾಣಪತ್ರ ಬೇಕೆಂದರೆ ಅವರು ಕೇಳುವ ಮೊದಲೇ ಕೊಡುತ್ತಾರೆ.

ಅನುಪಲಬ್ಧಿ

ಇಲ್ಲದಿರುವುದನ್ನು ಅರಿಯುವುದು ಅನುಪಲಬ್ಧಿ. ಇದರ ಪರಮಾಚಾರ್ಯರು ಬ್ರಿಟಿಷರು. ‘ಈ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲ’ ಎಂದು ಅರ್ಜಿದಾರರೇ ಸಾಧಿಸಬೇಕೆಂಬ ನಿಯಮ ಅಲ್ಲಿ 1997ರವರೆಗೆ ಜಾರಿಯಲ್ಲಿತ್ತು. ಮನಸ್ಸಿನಲ್ಲಿ ಇಲ್ಲದ ಉದ್ದೇಶವನ್ನು ಕಾಗದದಲ್ಲಿ ತೋರಿಸುವುದು ಹೇಗೆಂದು ತಿಳಿಯದೆ ಭಾರತ ಉಪಖಂಡದ ಎಷ್ಟೋ ಜೋಡಿಗಳು ಎರಡು ದೇಶದಲ್ಲಿ ಸಂಸಾರ ಮಾಡಿದವು. ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ. ಭಾರತೀಯರನ್ನು ಮದುವೆಯಾದ ವಿದೇಶೀಯರಿಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಬೇಕಾದರೆ, ನೋಂದಣಿಯಾದ ಮದುವೆ ಅರ್ಜಿಗೆ ಮುಂಚೆ ಸತತ ಎರಡು ವರ್ಷ ಬಾಳಿರಬೇಕು. ಅಮೆರಿಕದ ಎರಡು ವರ್ಷಕ್ಕೆ ನಮ್ಮದೂ ಎರಡು ವರ್ಷ, ಮುಯ್ಯಿಗೆ ಮುಯ್ಯಿ.

ಸಿದ್ಧಾಂತ

ಆರೂ ಪ್ರಮಾಣ ಸೋತಲ್ಲಿ ರಾಯಬಾಗ ಶಾಖೆ ಏಳನೆಯದನ್ನು ಮಂಡಿಸುತ್ತದೆ. ಅದು ಮುಯ್ಯಿ ವಹಿ. ಇನ್ನೂರು ಪುಟದ ನೋಟುಬುಕ್ಕು, ಮೊದಲ ಪುಟದ ತಲೆಯಲ್ಲಿ ‘ಶ್ರೀ’, ಮೂಲೆಯಲ್ಲಿ ಅರಿಶಿನದ ಹೆಬ್ಬೆಟ್ಟು. ಒಳಗೆ ಊರು, ಹೆಸರು, ಮೊತ್ತ: 101, 501, ಒಂದು ಹಿತ್ತಾಳೆ ತಂಬಿಗೆ, ಒಂದು ಸೀರೆ ಮತ್ತು ಕುಪ್ಪಸದ ಖಣ. ಒಬ್ಬರ ಹೆಸರಿನ ಮುಂದೆ ಮಾತ್ರ ‘ಆಮ್ಯಾಲ ಕೊಡ್ತೇನಂದಾರ’ ಎಂದಿದೆ. ಹುಸಿ ಮದುವೆಗೆ ಫೋಟೊ ತೆಗೆಸಬಹುದು, ಖಾತೆ ತೆರೆಯಬಹುದು, ಚಾಟ್ ಬರೆಸಬಹುದು; ಮುನ್ನೂರು ಜನರಿಂದ ಮುಯ್ಯಿ ಹಾಕಿಸಲಾಗದು. ಆ ಋಣವನ್ನು ಮುನ್ನೂರು ಮದುವೆಗಳಿಗೆ ಹೋಗಿ ತೀರಿಸಬೇಕಾಗುತ್ತದೆ. ಅಧಿಕಾರಿಗಳು ಇಬ್ಬರ ನಡುವೆ ಹುಡುಕುವ ಮದುವೆಯನ್ನು ಇಲ್ಲಿ ಊರು ತನ್ನ ವಹಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಫೈಲು ಎಷ್ಟು ಚೊಕ್ಕವೋ ಮದುವೆ ಅಷ್ಟು ಸಂಶಯಾಸ್ಪದ ಎಂಬುದು ನಮ್ಮ ಸಿದ್ಧಾಂತ.

ಫಲಶ್ರುತಿ

ಇನ್ನು ಅಣಕು ಬಿಟ್ಟು ಒಂದು ಮಾತು. ವೀಸಾಕ್ಕೆ ತಡವಾಗುತ್ತದೆಂದು ಮದುವೆಗೆ ಮೊದಲೇ ನೋಂದಣಿ ಮಾಡಿಸಿಕೊಳ್ಳುವ ಚಾಳಿ ನಮ್ಮ ಕಡೆಯೂ ಹಬ್ಬಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟೀನ್ ಜಾರ್ಜ್ ಮಸೀಹ್ 2024ರ ತೀರ್ಪೊಂದರಲ್ಲಿ ಇದೇ ಪದ್ಧತಿಯನ್ನು ಹೆಸರೆತ್ತಿ ಖಂಡಿಸಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನಂತೆ ಎರಡರಲ್ಲಿ ಒಂದು ಕಡೆಯ ರೂಢಿಯ ವಿಧಿಗಳು ನಡೆದಿರಲೇಬೇಕು. ಸಪ್ತಪದಿ ರೂಢಿಯಿದ್ದಲ್ಲಿ ಏಳನೆಯ ಹೆಜ್ಜೆಗೇ ಮದುವೆ ಪೂರ್ಣವಾಗುತ್ತದೆ. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟು ಇದ್ದರೆ ಅದು ಮದುವೆಯೇ ಅಲ್ಲ. ನಾಳೆ ಹುಡುಗ ಕೈ ಕೊಟ್ಟರೆ ಹುಡುಗಿಯ ಕೈಯಲ್ಲಿ ಉಳಿಯುವುದು ಆ ಕಾಗದ ಮಾತ್ರ. ಆದ್ದರಿಂದ ಹೆಣ್ಣು ಹೆತ್ತವರೇ, ಮೊದಲು ಅಕ್ಕಿಕಾಳು ಬೀಳಲಿ, ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಮುಯ್ಯಿ ವಹಿಯನ್ನು ರದ್ದಿಗೆ ಹಾಕಬೇಡಿ.