ಮೀನಿಗೆ ನಾಡಿ ಎಲ್ಲಿ?

ನಮ್ಮಲ್ಲಿ ವೈದ್ಯ ಗೊತ್ತಿಲ್ಲದವರು ಯಾರೂ ಇಲ್ಲ. ಬಸ್ಸಿನಲ್ಲಿ ಒಮ್ಮೆ ಕೆಮ್ಮಿ ನೋಡಿ, ಮುಂದಿನ ಸ್ಟಾಪು ಬರುವುದರೊಳಗೆ ಶುಂಠಿ, ಮೆಣಸು, ಜೇನುತುಪ್ಪ ಎಂದು ಮೂರು ಬಗೆಯ ಸಲಹೆ ನಿಮ್ಮ ಮಡಿಲಿಗೆ ಬಿದ್ದಿರುತ್ತದೆ. ಈ ವೈದ್ಯಶಿಖಾಮಣಿಗಳ ಜಂಬ ಇಳಿಯಬೇಕಾದರೆ ಅವರ ಮನೆಯಲ್ಲೊಂದು ಅಕ್ವೇರಿಯಂ ಇಡಿಸಬೇಕು. ಮೀನು ನಾಲಿಗೆ ಚಾಚುವುದಿಲ್ಲ, ನಾಡಿ ಕೊಡುವುದಿಲ್ಲ, ನರಳುವುದಿಲ್ಲ. ಎಲ್ಲಿ ನೋವು ಎಂದು ಕೇಳಿದರೆ ಬಾಯಿ ತೆರೆದು ಮುಚ್ಚುತ್ತದೆ. ಚೆನ್ನಾಗಿದ್ದಾಗಲೂ ಅದು ಮಾಡುವುದು ಅದನ್ನೇ. ಕಣ್ಣಿಗೆ ರೆಪ್ಪೆ ಬೇರೆ ಇಲ್ಲ. ನಿದ್ದೆಯೋ, ಧ್ಯಾನವೋ, ಮೂರ್ಛೆಯೋ ಎಂದು ಮನೆಮಂದಿಯೆಲ್ಲ ಗಾಜಿಗೆ ಮೂಗು ಒತ್ತಿ ಚರ್ಚಿಸುವುದೊಂದೇ ದಾರಿ.

ಹಾಗಂತ ಮೀನು ಏನೂ ಹೇಳುವುದೇ ಇಲ್ಲ ಎನ್ನುವಂತಿಲ್ಲ. ಬಿಚ್ಚಿಕೊಂಡು ಓಡಾಡಬೇಕಾದ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆ ಸೇರಿದರೆ ಮೈ ಸರಿಯಿಲ್ಲ ಎಂದರ್ಥ. ಕಲ್ಲಿಗೋ ಹೀಟರಿಗೋ ಪಕ್ಕೆ ಉಜ್ಜುತ್ತಿದ್ದರೆ ತುರಿಕೆ. ನೀರಿನ ಮೇಲ್ಮೈಗೆ ಬಂದು ಒಂದೇ ಸಮನೆ ಗುಟುಕರಿಸುತ್ತಿದ್ದರೆ ಉಸಿರಾಟಕ್ಕೇ ಸಂಚಕಾರ. ರೆಕ್ಕೆಯ ಅಂಚು ಬಿಳಿಚಿ ಚಿಂದಿಯಾಗುತ್ತಿದ್ದರೆ ಕೊಳೆರೋಗ. ಊಟದ ಡಬ್ಬಿ ತೆರೆದ ಸದ್ದಿಗೆ ಓಡಿಬರುತ್ತಿದ್ದ ಮೀನು ಬಾರದೇ ಹೋದರಂತೂ ಬೇರೆ ಲಕ್ಷಣ ಹುಡುಕಬೇಕಾಗಿಲ್ಲ.

ಎಲ್ಲರಿಗೂ ಮೊದಲು ಪರಿಚಯವಾಗುವ ಕಾಯಿಲೆ ಬಿಳಿಚುಕ್ಕೆ. ಹೊಸ ಮೀನು ಮನೆಗೆ ಬಂದ ಕೆಲವೇ ದಿನಗಳಲ್ಲಿ ಹಳೆಯ ಮೀನಿನ ಬಾಲದ ಮೇಲೆ ಚಿರೋಟಿ ರವೆ ಉದುರಿಸಿದಂತೆ ಚುಕ್ಕೆಗಳು ಏಳುತ್ತವೆ. ಇದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿಯ ಕೆಲಸ. ಹೆಸರು ಹೇಳಿ ಮುಗಿಸುವುದರೊಳಗೆ ಅದು ಇನ್ನೊಂದು ಮೀನಿಗೆ ಹತ್ತಿರುತ್ತದೆ. ಇದರ ಜಾಣತನ ನೋಡಿ: ಮೀನಿನ ಚರ್ಮದಡಿ ಹೊಕ್ಕು ಕುಳಿತಿರುವಾಗ ಯಾವ ಔಷಧಿಯೂ ಅದರ ಕೂದಲು ಕೊಂಕಿಸದು. ಹೊಟ್ಟೆ ತುಂಬಿದ ಮೇಲೆ ಉದುರಿ ತಳಕ್ಕಿಳಿದು, ಗೂಡು ಕಟ್ಟಿ, ಒಂದು ನೂರಾರಾಗುತ್ತದೆ. ಆ ಮರಿಗಳು ಹೊಸ ಮೀನನ್ನು ಹುಡುಕುತ್ತ ನೀರಿನಲ್ಲಿ ಅಲೆಯುವ ಒಂದೆರಡು ದಿನ ಮಾತ್ರ ನಮ್ಮ ಕೈಗೆ ಸಿಗುತ್ತವೆ.

ಚುಕ್ಕೆ ಮಾಯವಾದ ದಿನ ಮನೆಯಲ್ಲಿ ಸಂಭ್ರಮ. ಔಷಧಿ ನಿಲ್ಲಿಸುವುದೂ ಅಂದೇ. ಮನುಷ್ಯರ ಆಂಟಿಬಯಾಟಿಕ್ ಮಾತ್ರೆಯನ್ನು ಮೂರನೇ ದಿನಕ್ಕೆ ಡ್ರಾಯರಿಗೆ ಸೇರಿಸುವ ವಂಶಪಾರಂಪರ್ಯ ಅಭ್ಯಾಸ ಮೀನಿಗೂ ತಪ್ಪಿದ್ದಲ್ಲ. ಆದರೆ ಚುಕ್ಕೆ ಹೋಯಿತು ಎಂದರೆ ಶತ್ರು ತಳದಲ್ಲಿ ಸೈನ್ಯ ಕಟ್ಟುತ್ತಿದ್ದಾನೆ ಎಂದೇ ಅರ್ಥ. ನೀರನ್ನು ನಿಧಾನವಾಗಿ 30 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿದರೆ ಅದರ ಜೀವನಚಕ್ರ ಬೇಗ ತಿರುಗಿ ಬೇಗ ಕೈಗೆ ಸಿಗುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಗಾಳಿಯ ಪಂಪು ಜೋರಾಗಿರಬೇಕು. ಲೀಟರಿಗೆ ಒಂದರಿಂದ ಮೂರು ಗ್ರಾಂ ಕಲ್ಲುಪ್ಪನ್ನು ಕರಗಿಸಿ ಹಾಕುವುದುಂಟು. ತೊಟ್ಟಿಯಲ್ಲಿ ಕ್ಯಾಟ್‌ಫಿಶ್ ಇದ್ದರೆ ಕೈ ಬಿಗಿಹಿಡಿಯಬೇಕು, ಅವಕ್ಕೆ ಉಪ್ಪು ಆಗಿಬರದು. ಚುಕ್ಕೆ ಹೋದ ಮೇಲೂ ಕೆಲವು ದಿನ ಚಿಕಿತ್ಸೆ ನಡೆಯಲೇಬೇಕು.

ಉಪ್ಪಿನಿಂದ ಸಮಾಧಾನವಾಗದವರು ನೀಲಿ ಬಾಟಲಿಗೆ ಶರಣಾಗುತ್ತಾರೆ. ಮಿಥಿಲೀನ್ ಬ್ಲೂ 1876ರಲ್ಲಿ ಜರ್ಮನಿಯಲ್ಲಿ ಬಟ್ಟೆಗೆ ಬಣ್ಣ ಹಾಕಲು ಹುಟ್ಟಿದ್ದು. 1891ರಲ್ಲಿ ಪಾಲ್ ಎರ್ಲಿಕ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಈಗ ನಮ್ಮ ಮೀನಂಗಡಿಗಳಲ್ಲಿ ಸರ್ವರೋಗ ನಿವಾರಕವಾಗಿ ನೆಲೆಸಿದೆ. ಮೊಟ್ಟೆಗೆ ಹತ್ತುವ ಬೂಷ್ಟಿಗೆ, ಕೆಲವು ಪರಾವಲಂಬಿಗಳಿಗೆ ಅದು ಉಪಯೋಗಿಯೇ. ಆದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಹೊಡೆತ ಕೊಡುತ್ತದೆ. ಗಾಜಿನ ಸಂದಿಯ ಸಿಲಿಕೋನು, ಬೆರಳು, ಬಿಳಿ ಪಂಚೆ ಯಾವುದನ್ನೂ ಬಿಡದೆ ತನ್ನ ಬಟ್ಟೆಯ ಮೂಲಕಸುಬನ್ನು ನೆನಪಿಸುತ್ತದೆ.

ಹಳಬ ಅಂಗಡಿಯವರು ಬಾಟಲಿ ಕೊಡುವ ಮೊದಲು ಗಿರಾಕಿಯನ್ನು ವಿಚಾರಣೆಗೆ ಒಳಪಡಿಸುತ್ತಾರೆ. ಗಿರಾಕಿ ಮೀನಿನ ಬಾಲದಿಂದ ಶುರುಮಾಡಿ ತನ್ನ ಮನೆಯ ಗ್ರಹಚಾರದವರೆಗೆ ವಿವರಿಸಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ: "ಅದೆಲ್ಲಾ ಇರ್ಲಿ ಸಾರ್, ನೀರು ಯಾವಾಗ ಚೇಂಜ್ ಮಾಡಿದ್ರಿ?"

"ನೀರು ಕ್ಲೀನಾಗೇ ಇದೆಯಲ್ಲ!"

"ಕಣ್ಣಿಗೆ ಕ್ಲೀನು ಸಾರ್. ಮೀನಿಗೆ ಕೇಳಿದ್ರಾ?"

ವಿಷಯದ ಬುಡ ಇರುವುದು ಇಲ್ಲೇ. ಮೀನು ಅಮೋನಿಯಾವನ್ನು ಬಹುಪಾಲು ಕಿವಿರಿನ ಮೂಲಕವೇ ಹೊರಬಿಡುತ್ತದೆ. ಅದರ ಹಜಾರವೂ ಬಚ್ಚಲೂ ಒಂದೇ. ಆ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ಮತ್ತೆ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ನಾವೋ, ಗೃಹಪ್ರವೇಶದ ದಿನವೇ ತೊಟ್ಟಿ ತಂದು, ವಾಸ್ತುವಿನವರು ಹೇಳಿದಂತೆ ಒಂಬತ್ತು ಮೀನು ಬಿಟ್ಟು, ಬಂದ ನೆಂಟರ ಮಕ್ಕಳ ಕೈಯಲ್ಲೆಲ್ಲ ಊಟ ಹಾಕಿಸುತ್ತೇವೆ. ವಾರದಲ್ಲಿ ನಾಲ್ಕು ಮೀನು ತೇಲುತ್ತವೆ. ಆಗ ಮನೆಯ ಹಿರಿಯರೊಬ್ಬರು, "ಹೋಗ್ಲಿ ಬಿಡಿ, ಮನೆಗೆ ಬರೋ ಕಂಟಕಾನ ಅವು ತಗೊಂಡು ಹೋದ್ವು" ಎಂದು ತೀರ್ಪು ಕೊಡುತ್ತಾರೆ. ಅಮೋನಿಯಾ ನಿರ್ದೋಷಿಯೆಂದು ಬಿಡುಗಡೆಯಾಗುತ್ತದೆ. ಮರುದಿನ ಮತ್ತೆ ನಾಲ್ಕು ಮೀನು ಬರುತ್ತವೆ.

ನಮ್ಮ ಸಂಪ್ರದಾಯದಲ್ಲಿ ಮೀನಿಗೆ ನಿಜಕ್ಕೂ ಒದಗುವುದು ಏಕಾದಶಿ. ಗುಂಡು ಹೊಟ್ಟೆಯ ಗೋಲ್ಡ್‌ಫಿಶ್ ಕೆಲವೊಮ್ಮೆ ಅಡ್ಡಡ್ಡ ತೇಲುತ್ತ, ಹೊಟ್ಟೆ ಮೇಲಾಗಿ ಒದ್ದಾಡುತ್ತದೆ. ಗಾಳಿಚೀಲದ ತೊಂದರೆ ಇದು. ಎಷ್ಟೋ ಸಲ ಕಾರಣ ಮಲಬದ್ಧತೆ. ಎರಡು ಮೂರು ದಿನ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿಬಟಾಣಿಯ ಚೂರು. ಬಹಳಷ್ಟು ಮೀನು ನೆಟ್ಟಗಾಗುತ್ತವೆ. ಫೈಟರ್ ಮೀನಿನವರಿಗೆ ಕಾಡುಬಾದಾಮಿಯ ಒಣಗಿದ ಎಲೆ ಪ್ರಿಯ. ಅದರ ಒಗರು ಇಳಿದ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೂ ಮೀನಿಗೆ ಹಿತವಂತೆ. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಗುಡಿಸಿ ರಾಶಿ ಹಾಕುವ ಎಲೆಯೇ ಆನ್‌ಲೈನಿನಲ್ಲಿ ಪ್ಯಾಕೆಟ್ಟಾಗಿ ಮಾರಾಟಕ್ಕಿದೆ.

ಕೈಮೀರುವ ಕಾಯಿಲೆಗಳೂ ಇವೆ. ಹೊಟ್ಟೆ ಊದಿ, ಮೇಲಿನಿಂದ ನೋಡಿದರೆ ಹುರುಪೆಗಳೆಲ್ಲ ನಿಮಿರಿ ನಿಂತಿರುವ ಜಲೋದರದಲ್ಲಿ ಮೂತ್ರಪಿಂಡ ಸೋತಿರುತ್ತದೆ. ಉಳಿಯುವ ಮೀನು ಕಡಿಮೆ. ಮನುಷ್ಯರ ಮಾತ್ರೆ ಅರೆದು ಹಾಕುವ ಸಾಹಸ ಅಲ್ಲಿ ಬೇಡ.

ಉಳಿದಂತೆ ನನ್ನ ವೈದ್ಯ ಇಷ್ಟೆ, ಇದಕ್ಕೆ ಫೀಸಿಲ್ಲ. ಮೀನಿಗೆ ಮೈ ಸರಿಯಿಲ್ಲ ಎನಿಸಿದರೆ ಅಂಗಡಿಗೆ ಓಡುವ ಮೊದಲು ಬಕೆಟ್ ಎತ್ತಿಕೊಳ್ಳಿ. ಕಾಲುಭಾಗ ನೀರು ತೆಗೆದು, ಕ್ಲೋರಿನ್ ಹೋಗಲೆಂದು ರಾತ್ರಿಯೆಲ್ಲ ಹಿಡಿದಿಟ್ಟ ನೀರು ತುಂಬಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಡಿಯದೆ ಹೊರತೆಗೆದ ಆ ತೊಟ್ಟಿಯ ನೀರಿನಲ್ಲೇ ಹಿಂಡಿ. ಔಷಧಿ ಹಾಕಲೇಬೇಕಾದರೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. ಲೀಟರಿನ ಲೆಕ್ಕ ಸಿಗುತ್ತದೆ, ಅಂದಾಜಿನ ಮುಚ್ಚಳ ಬೇಡ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ಆಮೇಲೆ ಮನೆತುಂಬಿಸಿಕೊಳ್ಳಿ. ಮೀನು ಸಾಕುವುದೆಂದರೆ ನೀರು ಸಾಕುವುದು. ನೀರು ನೆಟ್ಟಗಿದ್ದರೆ ಮೀನಿನ ನಾಡಿ ಹುಡುಕುವ ಪ್ರಸಂಗವೇ ಅಷ್ಟಾಗಿ ಬರುವುದಿಲ್ಲ.