ಬೆರಳಿಗೆ ಬಿದ್ದ ಸುಗ್ಗಿ

ತುಮಕೂರು ತಾಲ್ಲೂಕಿನ ಊರ್ಡಿಗೆರೆ ಸೀಮೆಯಲ್ಲಿ ಹಸಿ ತರಕಾರಿಯ ಅಡುಗೆಗೆ ಅದರದೇ ಒಂದು ಸುಗ್ಗಿಯಿದೆ. ಪಂಚಾಂಗದ ಪ್ರಕಾರ ವಸಂತ ಹುಟ್ಟುವುದು ಚೈತ್ರದಲ್ಲಿ. ಅಡುಗೆಮನೆಗೆ ಅಷ್ಟು ತಾಳ್ಮೆಯಿಲ್ಲ. ಶಿವರಾತ್ರಿಯಲ್ಲಿ ಚಳಿ ‘ಶಿವ ಶಿವಾ’ ಎಂದು ಎದ್ದುಹೋದ ಕೂಡಲೇ ಅಲ್ಲಿ ವಸಂತ ಬಂದಾಯಿತು. ಈ ಕಾಲದ ಅಡುಗೆಯ ಮುಖ್ಯ ಲಕ್ಷಣ ಒಂದೇ: ಒಲೆಯ ಮುಂದೆ ಅರ್ಧ ಗಂಟೆಯ ಕೆಲಸ, ಒಲೆ ಹಚ್ಚುವ ಮೊದಲು ಅರ್ಧ ದಿನದ ಕೆಲಸ. ಆ ಅರ್ಧ ದಿನ ಯಾರ ಬೆರಳಿಗೆ ಬೀಳುತ್ತದೆ ಎಂಬುದರ ಮೇಲೆ ಮನೆಯ ಶಾಂತಿ ನಿಂತಿದೆ.

ಮೊದಲ ಸ್ಥಾನ ಅವರೆಕಾಯಿಗೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ನಾಟಿ ಅವರೆ ಹಗಲು ಗಿಡ್ಡವಾಗುವ ತನಕ ಹೂ ಬಿಡುವುದಿಲ್ಲ. ಆದ್ದರಿಂದ ಅದರ ಭರಾಟೆ ಧನುರ್ಮಾಸದಿಂದ ಸಂಕ್ರಾಂತಿಯವರೆಗೆ. ಶಿವರಾತ್ರಿಯ ಹೊತ್ತಿಗೆ ಬರುವುದು ಕೊನೆಯ ಕೊಯ್ಲು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ವರ್ಷವಿಡೀ ಕಾಯಿ ಬಿಡುತ್ತವೆ. ಹಿರಿಯರು ಅವನ್ನು ತಿನ್ನುತ್ತಾರೆ, ಎರಡನೇ ಸಲವೂ ಬಡಿಸಿಕೊಳ್ಳುತ್ತಾರೆ, ಕೈ ತೊಳೆದ ಮೇಲೆ ‘ಸೊಗಡಿಲ್ಲ’ ಎನ್ನುತ್ತಾರೆ. ಸೊಗಡು ಇರುವುದು ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಗುಟಿನಲ್ಲಿ. ಕಾಯಿ ಸುಲಿದವರ ಕೈಯಲ್ಲಿ ಅದು ಸೋಪಿಗೂ ಜಗ್ಗದೆ ಸಂಜೆಯವರೆಗೆ ಉಳಿಯುವುದರಿಂದ ಯಾರು ಕೆಲಸ ಮಾಡಿದರು, ಯಾರು ತಪ್ಪಿಸಿಕೊಂಡರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಅವರೆಕಾಯಿಯ ಹುಳು ಪ್ರತ್ಯೇಕವಾಗಿ ವಿಚಾರಿಸಬೇಕಾದ ಪ್ರಾಣಿ. ಕಾಯಿಕೊರಕ ಒಂದು ಕಾಯಿಗೆ ತೂತು ಮಾಡಿ ಒಳಹೊಕ್ಕು ಕಾಳನ್ನು ತಿನ್ನುತ್ತದೆ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಾಗಲಿ ಊರ ಬೀದಿಯಲ್ಲಾಗಲಿ ಗಿರಾಕಿಯ ವಾದ ಎರಡು ಬಗೆ. ಹುಳು ಕಂಡರೆ ರೇಟು ಇಳಿಸಿ ಎಂಬುದು ಒಂದು. ಹುಳು ಕಾಣದಿದ್ದರೆ ಔಷಧಿ ಹೊಡೆದಿದ್ದೀರಿ, ಅದಕ್ಕೇ ಇಳಿಸಿ ಎಂಬುದು ಇನ್ನೊಂದು. ಎರಡೂ ವಾದವನ್ನು ಒಬ್ಬನೇ ಗಿರಾಕಿ ಒಂದೇ ರಾಶಿಯ ಮುಂದೆ ನಿಂತು ಮಂಡಿಸಬಲ್ಲ.

ಸುಲಿದ ಕಾಳನ್ನು ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಸುಕಿದರೆ ತೊಗಟೆ ಕೈಯಲ್ಲಿ ಉಳಿದು ಬೇಳೆ ಹೊರಗೆ ಜಾರುತ್ತದೆ. ಇದೇ ಹಿತಕಿದ ಬೇಳೆ. ಹಿತಕುವವರಲ್ಲಿ ಮೂರು ವರ್ಗ. ಮೊದಲನೆಯದು ಅಜ್ಜಿಯರದು: ಕಣ್ಣು ಬಾಗಿಲ ಕಡೆ, ಬಾಯಿ ಪಕ್ಕದ ಮನೆಯ ಸುದ್ದಿಯ ಕಡೆ, ಬೇಳೆ ಮಾತ್ರ ಪಾತ್ರೆಗೇ. ಎರಡನೆಯದು ಮಕ್ಕಳದು: ಬೇಳೆ ಎಷ್ಟು ದೂರ ಹಾರುತ್ತದೆ ಎಂಬುದೇ ಇವರ ಅಧ್ಯಯನದ ವಿಷಯ. ಮೂರನೆಯದು ಟಿವಿ ಮುಂದೆ ಕೂತ ಗಂಡಸರದು. ಇವರು ತೊಗಟೆಯನ್ನು ಪಾತ್ರೆಗೂ ಬೇಳೆಯನ್ನು ಕಸಕ್ಕೂ ಹಾಕಿ, ಎದ್ದು ಹೋಗುವಾಗ ಸೊಂಟನೋವಿನ ಬಗ್ಗೆ ಮಾತಾಡುತ್ತಾರೆ. ಚೀಲದ ತುಂಬ ತಂದ ಕಾಯಿ ಕೊನೆಗೆ ಒಂದು ಬಟ್ಟಲಾಗುತ್ತದೆ. ಸಿಪ್ಪೆಯೆಲ್ಲ ಹಸುವಿಗೆ. ಇಡೀ ವ್ಯವಹಾರದಲ್ಲಿ ಬೆರಳಾಡಿಸದೆ ಹೊಟ್ಟೆ ತುಂಬಿಸಿಕೊಂಡದ್ದು ಅದೊಂದೇ.

ಆ ಬೇಳೆಗೆ ತೆಂಗಿನಕಾಯಿ, ಧನಿಯ, ಚಕ್ಕೆ, ಲವಂಗ, ಗಸಗಸೆ, ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಹಾಕಿದರೆ ಸಾರು. ಸಾರಿಗೆ ಜೊತೆ ರಾಗಿಮುದ್ದೆ. ಅರ್ಧ ದಿನ ಹಿತಕಿದ್ದು ಕಾಲು ಗಂಟೆಯಲ್ಲಿ ಗಂಟಲಿಳಿಯುತ್ತದೆ, ಮುದ್ದೆಯನ್ನು ಅಗಿಯುವ ಪದ್ಧತಿಯೂ ಇಲ್ಲದ್ದರಿಂದ ಇನ್ನೂ ಬೇಗ. ಮುಂದಿನ ಕಥೆ ಹೊಟ್ಟೆಯೊಳಗಿನದು. ಅವರೆಯಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ನೆನೆಸಿದ ನೀರನ್ನು ಚೆಲ್ಲಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಇಂಗು, ಶುಂಠಿಯ ಮೇಲೂ ಭಾರ ಹಾಕುವುದುಂಟು. ಆದರೆ ಊರಿಗೆ ಊರೇ ಅವರೆ ಉಂಡ ವಾರಗಳಲ್ಲಿ ಯಾರೂ ಯಾರ ಕಡೆಗೂ ಬೆರಳು ತೋರಿಸುವ ಸ್ಥಿತಿಯಲ್ಲಿರುವುದಿಲ್ಲ.

ಎರಡನೆಯ ಸ್ಥಾನ ಸೊಪ್ಪಿಗೆ. ಮಳೆಗಾಲದಲ್ಲಿ ಹೊಲದ ಬದುವೇ ಕೊಡುವ ಬೆರಕೆ ಸೊಪ್ಪು ಈಗ ಒಣಗಿರುತ್ತದೆ. ಬೋರ್‌ವೆಲ್ ನೀರಿನ ಮಡಿಗಳ ದಂಟು, ಸಬ್ಬಸಿಗೆ, ಚಕ್ಕೋತ, ತೇವವಿರುವ ಕಡೆಯ ಹೊನಗೊನೆ, ಹಿತ್ತಲಿನ ನುಗ್ಗೆ ಸೊಪ್ಪು ಇವೇ ಆಧಾರ. ಇವುಗಳಲ್ಲಿ ನುಗ್ಗೆಯದು ಅತಿ ಸಣ್ಣ ಎಲೆ, ಅತಿ ದೊಡ್ಡ ಕೆಲಸ. ಬಿಡಿಸಲು ಕೂತವರು ನಡುವೆ ಒಂದು ಫೋನ್ ಬಂದರೆ ಮರಳಿ ಬರುವುದಿಲ್ಲ.

ಸೊಪ್ಪಿನ ಅಡುಗೆಯಲ್ಲಿ ಈ ಸೀಮೆಯ ಹೆಮ್ಮೆ ಬಸ್ಸಾರು. ಸೊಪ್ಪನ್ನೂ ತೊಗರಿಬೇಳೆ ಅಥವಾ ಅಲಸಂದೆ ಕಾಳನ್ನೂ ಒಟ್ಟಿಗೆ ಬೇಯಿಸಿ ಬಸಿಯಬೇಕು. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಕಾಯಿತುರಿ ಮತ್ತು ಬೆಂದ ಸೊಪ್ಪಿನದೇ ಒಂದು ಹಿಡಿಯನ್ನು ರುಬ್ಬಿ ಹಾಕಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಎರಡು ಅಡುಗೆ. ಅಪಾಯ ಇರುವುದು ಬಸಿಯುವ ಹೊತ್ತಿನಲ್ಲಿ. ಬೆಂಗಳೂರಿನಿಂದ ಬಂದ ಹೊಸ ಅಳಿಯನೊಬ್ಬ ಅತ್ತೆಗೆ ನೆರವಾಗುವ ಉಮೇದಿನಲ್ಲಿ, ನೂಡಲ್ಸ್ ಬಸಿದ ಅಭ್ಯಾಸಬಲದಿಂದ ಕಟ್ಟನ್ನೆಲ್ಲ ಸಿಂಕಿಗೆ ಸುರಿದನೆನ್ನಿ. ‘ಅಯ್ಯೋ, ಸಾರೇ ಚೆಲ್ಬುಟ್ರಲ್ಲ ಅಳಿಯಂದ್ರೇ!’ ಎಂಬ ಒಂದು ವಾಕ್ಯದಲ್ಲಿ ಮರ್ಯಾದೆಯೂ ಇರುತ್ತದೆ, ಮುಂದೆ ಅಡುಗೆಮನೆಗೆ ಬರಬೇಡಿ ಎಂಬ ಅಪ್ಪಣೆಯೂ ಇರುತ್ತದೆ. ಜಾಣ ಅಳಿಯಂದಿರು ಈ ಅಪ್ಪಣೆಗಾಗಿಯೇ ಬಸಿಯುವುದುಂಟು ಎಂಬ ಗುಮಾನಿಯಿದೆ.

ಮೂರನೆಯದು ಹುಣಸೆ ಚಿಗುರು. ತುಮಕೂರು ಹುಣಸೆಹಣ್ಣಿನ ದೊಡ್ಡ ಪೇಟೆ. ಫಾಲ್ಗುಣ ಚೈತ್ರದ ಈ ವಾರಗಳಲ್ಲಿ ಮರದಿಂದ ಹಣ್ಣು ಬಡಿದು, ಸಿಪ್ಪೆ ತೆಗೆದು, ಕುಟ್ಟಿ ಬೀಜ ಬಿಡಿಸುವ ಕೆಲಸ ಜಗಲಿ ಜಗಲಿಯಲ್ಲೂ ನಡೆದಿರುತ್ತದೆ. ಹಣ್ಣಿನಿಂದ ಕೈ ಬಿಡುವಾಗುವ ಮೊದಲೇ ಕೆಂಪು ಬೆರೆತ ಎಳೆ ಚಿಗುರು ಬರುತ್ತದೆ. ಅದನ್ನು ಬೇಳೆಯೊಂದಿಗೆ ಸಾರು ಮಾಡಿದರೆ ಹುಳಿಗೆ ಬೇರೆ ಏರ್ಪಾಟು ಬೇಡ. ನಿಯಮ ಒಂದೇ: ಬೇಳೆ ಪೂರ್ತಿ ಬೆಂದ ಮೇಲೆಯೇ ಚಿಗುರು. ಮೊದಲೇ ಹಾಕಿದರೆ ಹುಳಿಯ ಆಮ್ಲ ಬೇಳೆಯನ್ನು ಮೆತ್ತಗಾಗಗೊಡುವುದಿಲ್ಲ. ಗ್ಯಾಸ್ ಮುಗಿಯುತ್ತದೆ, ಬೇಳೆ ಹಟ ಬಿಡುವುದಿಲ್ಲ.

ನಾಲ್ಕನೆಯದು ಎಳೆ ಹಲಸಿನಕಾಯಿ. ಹಲಸಿಗೆ ಈ ಜಿಲ್ಲೆಯಲ್ಲಿ ದೊಡ್ಡ ಹೆಸರಿದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ವ್ಯಾಪಾರಕ್ಕೆ ಪ್ರಸಿದ್ಧ. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸನ್ನು ಗುರುತಿಸಿ ಹೆಸರಾಗಿಸಿದ್ದು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ. ಆದರೆ ಹಣ್ಣಿಗೆ ಬೇಸಿಗೆ ಬಲಿಯಬೇಕು. ಪಲ್ಯಕ್ಕೆ ಈಗಲೇ ಆಗುತ್ತದೆ. ಗೊಂಚಲಿನ ಕಾಯಿಗಳಲ್ಲಿ ಹಲವು ತಾವಾಗಿಯೇ ಉದುರುವಂಥವು, ಆದ್ದರಿಂದ ನಾಲ್ಕು ಕಿತ್ತರೆ ಮರಕ್ಕೆ ನಷ್ಟವಿಲ್ಲ. ಇದು ಮರಕ್ಕೆ ಗೊತ್ತು, ಮರದ ಯಜಮಾನನಿಗೆ ಗೊತ್ತಿಲ್ಲ. ಅವನು ಪ್ರತಿ ಮಿಡಿಯನ್ನೂ ಹಣ್ಣಿನ ಬೆಲೆಯಲ್ಲೇ ಎಣಿಸಿಟ್ಟಿರುತ್ತಾನೆ. ಹೆಚ್ಚುವ ಮುನ್ನ ಕೈಗೂ ಈಳಿಗೆಮಣೆಗೂ ಎಣ್ಣೆ ಸವರಬೇಕು. ಸವರದವರು ಹಲಸಿನ ಅಂಟಿನಲ್ಲಿ ಸಿಕ್ಕ ಬೆರಳುಗಳನ್ನು ಒಂದರಿಂದ ಒಂದು ಬಿಡಿಸಿಕೊಳ್ಳುವಾಗ ಅವರೆ ಎಷ್ಟೋ ವಾಸಿ ಎಂದುಕೊಳ್ಳುತ್ತಾರೆ.

ಈ ಎಲ್ಲ ಕೆಲಸಕ್ಕೂ ಮನೆಯ ಬೆರಳು ಸಾಲದೆ ಬಂದಾಗ ನೆಂಟರಿದ್ದಾರೆ. ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆ, ಫಾಲ್ಗುಣದಲ್ಲಿ ದೇವರಾಯನದುರ್ಗದ ತೇರು. ಎರಡಕ್ಕೂ ಬಂದವರು ಊರ್ಡಿಗೆರೆಯ ಕಡೆ ಇಳಿದು ಕಾಫಿ ಕುಡಿಯುವಷ್ಟರಲ್ಲಿ ಮುಂದೆ ಮೊರ ಬಂದಿರುತ್ತದೆ. ‘ಸುಮ್ನೆ ಕೂತಿದ್ದೀರಲ್ಲ, ಮಾತಾಡ್ತಾ ಮಾತಾಡ್ತಾ...’ ಎಂದು ಶುರುವಾದ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ, ಅಗತ್ಯವೂ ಬೀಳುವುದಿಲ್ಲ.

ಯುಗಾದಿಯಂದು ಬೇವಿನ ಹೂವು ಬೆಲ್ಲದೊಡನೆ ಬೆರೆಯುತ್ತದೆ, ಮಾವಿನಕಾಯಿ ಚಿತ್ರಾನ್ನವಾಗುತ್ತದೆ, ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟು ಒಬ್ಬಟ್ಟಿನ ಸಾರಾಗುತ್ತದೆ. ಮರುದಿನ ಹೊಸತೊಡಕು. ಗುಡ್ಡೆ ಮಾಂಸಕ್ಕೆ ಗಂಡಸರು ನಸುಕಿನಲ್ಲೇ, ಯಾರೂ ಎಬ್ಬಿಸದೆ, ಪಾತ್ರೆ ಹಿಡಿದು ಹೊರಡುತ್ತಾರೆ. ಟಿವಿ ಮುಂದೆ ಕಾಣಿಸಿಕೊಂಡ ಸೊಂಟನೋವು ಅಂದು ಕಾಡುವುದಿಲ್ಲ. ಹಸಿ ತರಕಾರಿಯ ಸುಗ್ಗಿ ಅಲ್ಲಿಗೆ ಮುಗಿಯಿತು. ಬೆಳ್ಳುಳ್ಳಿ ಸುಲಿಯುವವರು ಮಾತ್ರ ಹಳಬರೇ.