ಅಮ್ಮನ ಡಬ್ಬಿ ಲೆಕ್ಕ

ಅಮ್ಮನಿಗೆ ಜನರ ಹೆಸರು ಮರೆತುಹೋಗುತ್ತದೆ; ಅವರ ಮನೆಯಲ್ಲಿ ಉಳಿದಿರುವ ತನ್ನ ಡಬ್ಬಿ ಮಾತ್ರ ಮರೆಯುವುದಿಲ್ಲ. ದಾರಿಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಬಾಯ್ತುಂಬ ನಗುತ್ತಾಳೆ. ಅವರು ದಾಟಿದ ಮೇಲೆ ನಮ್ಮ ಕಿವಿಯಲ್ಲಿ, "ಗೊತ್ತಾಗ್ಲಿಲ್ವೇನೋ? ಯುಗಾದಿ ಒಬ್ಬಟ್ಟು ಹಾಕಿ ಕೊಟ್ಟಿದ್ನಲ್ಲ, ಕ್ಲಿಪ್ ಇರೋ ಡಬ್ಬಿ, ಅವರು!" ಅನ್ನುತ್ತಾಳೆ.

ನಮ್ಮ ಮನೆತನದ ಚರಿತ್ರೆ ಇರುವುದು ಪಾತ್ರೆಗಳ ತಳದಲ್ಲಿ. ಪಾತ್ರೆ ಅಂಗಡಿಯವನು ಗುಂಯ್ ಎನ್ನುವ ಮೆಷಿನ್ನಿನಲ್ಲಿ ಕೊರೆದುಕೊಟ್ಟ ಹೆಸರು, ತಾರೀಕು, ಸಂದರ್ಭ ಎಲ್ಲ ಅಲ್ಲಿವೆ. ಅಕ್ಕನ ಮದುವೆ ಯಾವ ಇಸವಿ ಎಂದು ಕೇಳಿದರೆ ಅಮ್ಮ ದೊಡ್ಡ ಪಾತ್ರೆ ಬೋರಲು ಹಾಕಿ ನೋಡುತ್ತಾಳೆ. ಗೃಹಪ್ರವೇಶ ಕೊಳಗದ ಮೇಲಿದೆ, ನನ್ನ ನಾಮಕರಣ ತಟ್ಟೆಯ ಮೇಲಿದೆ, ತಮ್ಮನದು ಒಂದು ಸೌಟಿನ ಹಿಡಿಯ ಮೇಲೆ. ಆ ವಿಷಯವನ್ನು ಅವನು ಇವತ್ತಿಗೂ ಎತ್ತಿ ಆಡುತ್ತಾನೆ.

ಪಾತ್ರೆ ಕೊಳ್ಳಲು ಅಮ್ಮನ ಜೊತೆ ಹೋಗುವುದೆಂದರೆ ಅಂಗಡಿಯವನ ಪರೀಕ್ಷೆಗೆ ಸಾಕ್ಷಿಯಾಗುವುದು. ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುವ ಒಳ್ಳೆಯ ಸ್ಟೀಲಿನ ಪಾತ್ರೆಗೆ ಅಯಸ್ಕಾಂತ ಅಂಟುವುದಿಲ್ಲ ಎಂದು ಇಂಜಿನಿಯರ್ ತಮ್ಮ ವಿವರಿಸುವಷ್ಟರಲ್ಲಿ, ಅಮ್ಮ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಇದು ತಗಡು" ಎಂದು ತೀರ್ಪು ಕೊಟ್ಟಾಗಿರುತ್ತದೆ. ಅಂಗಡಿಯವನು ಮರುಮಾತಿಲ್ಲದೆ ಒಳಗಿನಿಂದ ಬೇರೆಯದು ತರುತ್ತಾನೆ. "ಇದನ್ನ ಮೊದಲೇ ತೋರಿಸೋಕೆ ಏನಾಗಿತ್ತಪ್ಪಾ?"

ಕೊಡುವುದರಲ್ಲೂ ತಾರತಮ್ಯವಿದೆ. ನಂಬಿಕಸ್ತರಿಗೆ ಸ್ಟೀಲ್ ಡಬ್ಬಿ, ವಾಪಸ್ ಕೊಡದವರಿಗೆ ತೊಳೆದಿಟ್ಟ ಐಸ್‌ಕ್ರೀಂ ಡಬ್ಬ. ಹುಳಿ ಯಾವುದರಲ್ಲಿ ಬಂತು ಎಂಬುದರ ಮೇಲೆ ನಮ್ಮ ಬೀದಿಯವರು ತಮ್ಮ ಸ್ಥಾನಮಾನ ತಿಳಿದುಕೊಳ್ಳುತ್ತಾರೆ. ಅಕ್ಕನಿಗೂ ಈಗ ಐಸ್‌ಕ್ರೀಂ ಡಬ್ಬವೇ. ಅಮೆರಿಕದಲ್ಲಿರುವ ತಮ್ಮನೂ ತಪ್ಪಿಸಿಕೊಳ್ಳುವಂತಿಲ್ಲ. ವಿಡಿಯೋ ಕಾಲ್‌ನಲ್ಲಿ ಅವನ ಮುಖಕ್ಕಿಂತ ಹಿಂದಿನ ಶೆಲ್ಫ್ ನೋಡುತ್ತಾಳೆ: "ಅದು ನನ್ನ ಚಟ್ನಿಪುಡಿ ಡಬ್ಬಿ ಅಲ್ವೇನೋ?" 23 ಕಿಲೋ ಮಿತಿಯ ಸೂಟ್‌ಕೇಸಿನಲ್ಲಿ ಅವನು ಖಾಲಿ ಡಬ್ಬಿಗಳನ್ನು ಹೊತ್ತು ಊರಿಗೆ ಬರುತ್ತಾನೆ.

ಇಷ್ಟೆಲ್ಲ ಬಿಗಿಯ ಅಮ್ಮ, ಬೇರೆಯವರ ಡಬ್ಬಿಯನ್ನು ಖಾಲಿ ಹಿಂತಿರುಗಿಸಿದ್ದೇ ಇಲ್ಲ. ಎದುರುಮನೆ ಆಂಟಿಯದೂ ಇದೇ ವ್ರತ. ಹಾಗಾಗಿ ಒಂದು ಉದ್ದನೆಯ ಡಬ್ಬಿ ಎರಡು ಮನೆಗಳ ನಡುವೆ ವರ್ಷಾನುಗಟ್ಟಲೆ ಓಡಾಡಿತು. ಸಂಕ್ರಾಂತಿಗೆ ಎಳ್ಳುಬೆಲ್ಲ ಹೋದರೆ ಕೋಸಂಬರಿ ಬರುತ್ತಿತ್ತು, ಗೋಕುಲಾಷ್ಟಮಿಗೆ ಚಕ್ಕುಲಿ ಹೋದರೆ ಕೋಡುಬಳೆ. ಹಬ್ಬವಿಲ್ಲದ ದಿನಗಳಲ್ಲಿ ನಾಲ್ಕು ನಿಂಬೆಹಣ್ಣು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ.

ಒಂದು ದಿನ ಗೇಟಿನ ಹತ್ತಿರ ಜಗಳವೇ ಆಯಿತು.

"ಇದು ನಿಮ್ಮದೇ ಕಣ್ರೀ, ಇಟ್ಕೊಳ್ಳಿ."

"ಅಯ್ಯೋ, ನನ್ನದಲ್ಲಾರೀ, ನಿಮ್ಮದು!"

ಅಪ್ಪ ಕನ್ನಡಕ ಹಾಕಿಕೊಂಡು ತಳ ಓದಿದರು. ಅಲ್ಲಿದ್ದದ್ದು ಎರಡೂ ಮನೆಯವರಿಗೆ ಗೊತ್ತಿಲ್ಲದ ಒಂದು ಹೆಸರು, 1987ರ ಮದುವೆ.

ಆಂಟಿ ದಂಗಾದರು. ಅಮ್ಮನ ಕಣ್ಣಲ್ಲಿ ಮಾತ್ರ ನೀರು. "ಪಾಪ, ಎಷ್ಟು ಹುಡುಕಿದಾರೋ!" ಎಂದು ಡಬ್ಬಿಯನ್ನು ಒಳಗೆ ತಂದು, ತೊಳೆದು, ಒರೆಸಿ, ಚಕ್ಕುಲಿ ತುಂಬಿದಳು. ವಾರಸುದಾರರು ಬಂದ ದಿನ ಖಾಲಿ ಕೊಡಲಾದೀತೆ?

ಅಂದಿನಿಂದ ಅದು ಯಾವಾಗಲೂ ತುಂಬಿಯೇ ಇರುತ್ತದೆ. ಚಕ್ಕುಲಿ ಮೆತ್ತಗಾಗುವ ಮೊದಲೇ ನಮಗೆ ಹಂಚಿ ಹೊಸದು ಕರಿಯುತ್ತಾಳೆ. ವಾರಸುದಾರರು ಎಲ್ಲಿದ್ದರೂ ಚೆನ್ನಾಗಿರಲಿ, ನಮ್ಮ ಮನೆಯ ವಿಳಾಸ ಮಾತ್ರ ಅವರಿಗೆ ಸಿಗದಿರಲಿ ಎಂದು ನಾವು ದಿನಾ ದೇವರಿಗೆ ಕೈಮುಗಿಯುತ್ತೇವೆ.